ತೆಂಗಿನ ತೋಟದಲ್ಲಿ ಮಸ್ಕೋವಿ ಬಾತು: ಚಿಂತೆ ನೀರಿನದಲ್ಲ, ಹಿಂಡಿಯದು

ತಿಪಟೂರು ಸೀಮೆಯಲ್ಲಿ ಬಾತು ಸಾಕುತ್ತೇನೆ ಎಂದರೆ ಮೊದಲು ಕೇಳಿಬರುವುದು ನೀರಿನ ಮಾತು. ಸಾವಿರ ಅಡಿ ಕೊರೆಸಿದರೂ ಬೋರಿನಲ್ಲಿ ದೂಳು ಬರುವ ಚಿಕ್ಕನಾಯಕನಹಳ್ಳಿಯಲ್ಲಿ, ಹೇಮಾವತಿ ಹರಿದರಷ್ಟೇ ಕೆರೆಗೆ ಜೀವ ಎನ್ನುವ ತುರುವೇಕೆರೆಯಲ್ಲಿ, ಬಾತಿಗೆ ಈಜಲು ನೀರು ಎಲ್ಲಿಂದ ತರೋದು? ಕೇಳುವುದು ಸಹಜ. ಆದರೆ ಕಣ್ಣಿನ ಸುತ್ತ ಕೆಂಪು ಗಂಟುಗಂಟು ಚರ್ಮದ, ಬಾಲ ಅಲ್ಲಾಡಿಸುತ್ತ ಅಡ್ಡಾಡುವ ಮಸ್ಕೋವಿ ಬಾತಿಗೆ ಈ ಪ್ರಶ್ನೆ ಅಷ್ಟಾಗಿ ತಟ್ಟುವುದಿಲ್ಲ. ತಲೆ ಪೂರ್ತಿ ಮುಳುಗಿಸಿ ಕಣ್ಣು, ಮೂಗು ತೊಳೆದುಕೊಳ್ಳುವಷ್ಟು ಆಳದ ಒಂದು ತೊಟ್ಟಿ ಇದ್ದರೆ ಸಾಕು. ಆ ನೀರನ್ನು ದಿನಾ ಬದಲಿಸಬೇಕು. ಚೆಲ್ಲುವ ಕೊಳಕು ನೀರು ತೆಂಗಿನ ಪಾತಿಗೆ ಗೊಬ್ಬರದ ನೀರಾಗುತ್ತದೆ.

ಹೆಸರು ಮಾಸ್ಕೋ ನೆನಪಿಸಿದರೂ ಇದರ ತವರು ಮೆಕ್ಸಿಕೋದಿಂದ ಅರ್ಜೆಂಟೀನಾವರೆಗಿನ ಕಾಡು. ಕೊಲಂಬಸ್ ಹೋಗುವ ಮೊದಲೇ ಅಲ್ಲಿನ ಮೂಲನಿವಾಸಿಗಳು ಇದನ್ನು ಪಳಗಿಸಿದ್ದರು. ನಾವು ಕಾಣುವ ಉಳಿದ ಸಾಕು ಬಾತುಗಳೆಲ್ಲ ಮಲ್ಲಾರ್ಡ್ ಎಂಬ ಕಾಡುಬಾತಿನ ಸಂತತಿ. ಇದು ಮಾತ್ರ ಬೇರೆ ಕುಲ. ಎರಡನ್ನೂ ಕೂಡಿಸಿದರೆ ಹುಟ್ಟುವ ಮರಿ ಹೇಸರಗತ್ತೆಯಂತೆ, ಅದಕ್ಕೆ ಮುಂದೆ ಸಂತಾನವಿಲ್ಲ. ಕೋಳಿ ಮೊಟ್ಟೆ 21 ದಿನಕ್ಕೆ, ಉಳಿದ ಬಾತಿನ ಮೊಟ್ಟೆ 28 ದಿನಕ್ಕೆ ಒಡೆದರೆ ಇದಕ್ಕೆ ಸುಮಾರು 35 ದಿನ ಕಾವು ಬೇಕು. ಲೆಕ್ಕ ತಿಳಿಯದೆ ತಿಂಗಳಿಗೇ ಮೊಟ್ಟೆ ಎತ್ತಿ ಎಸೆಯುವವರಿದ್ದಾರೆ.

ಗಲಾಟೆ ಇಲ್ಲದಿರುವುದೇ ಇದರ ದೊಡ್ಡ ಗುಣ ಎಂದು ನನ್ನ ಎಣಿಕೆ. ಗಂಡು ಬುಸುಗುಟ್ಟುತ್ತದೆ, ಹೆಣ್ಣು ಮೆಲ್ಲಗೆ ಗುಂಯ್‌ಗುಡುತ್ತದೆ, ಅಷ್ಟೇ. ಇನ್ನೊಂದು ಲಾಭ ಕೊಟ್ಟಿಗೆಯಲ್ಲಿ. ನೊಣ ಹಿಡಿಯುವುದರಲ್ಲಿ ಇದರ ಕೊಕ್ಕು ಬಲು ಚುರುಕು. ಕೆನಡಾದ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಂಗಡಿಯಲ್ಲಿ ಸಿಗುವ ನೊಣಬಲೆಗಳಿಗಿಂತ ಈ ಬಾತುಗಳೇ ಬೇಗ ನೊಣ ಖಾಲಿ ಮಾಡಿದ್ದವು. ಹುಲ್ಲು ಮೇಯುತ್ತದೆ, ಸಣ್ಣ ಬಸವನಹುಳು ನುಂಗುತ್ತದೆ.

ಹಾಗೆಂದು ತೆಂಗಿನ ಕೀಟಕ್ಕೆಲ್ಲ ಇದೇ ಮದ್ದು ಎನ್ನುವವರ ಮಾತಿಗೆ ಮರುಳಾಗಬೇಡಿ. ಕೆಂಪು ಮೂತಿ ಹುಳು ಕಾಂಡದೊಳಗಿರುತ್ತದೆ, ನುಸಿ ಕಾಯಿಯ ತೊಟ್ಟಿನಡಿ, ಕಪ್ಪುತಲೆ ಹುಳು ಗರಿಯಲ್ಲಿ. ಬಾತು ಮರದ ಕೊಂಬೆ ಹತ್ತುವುದೇನೋ ನಿಜ, ಅದು ಹುಳು ಹುಡುಕಲಿಕ್ಕಲ್ಲ, ಮಲಗಲಿಕ್ಕೆ. ಸುಳಿ ಕೊರೆಯುವ ಘೇಂಡಾಮೃಗ ದುಂಬಿಯ ಮರಿಹುಳು ತಿಪ್ಪೆಯಲ್ಲಿ ಬೆಳೆಯುವುದರಿಂದ ಅಲ್ಲಿ ಮಾತ್ರ ಕೊಂಚ ಉಪಯೋಗ. ಅದೂ ನೀವು ಗೊಬ್ಬರ ಮಗುಚುವ ದಿನ. ಕೋಳಿಯಂತೆ ಕೆದಕುವ ಕೆಲಸ ಬಾತಿಗೆ ಗೊತ್ತಿಲ್ಲ.

ಮೊಟ್ಟೆ ಮಾರುವ ಆಸೆಯಿದ್ದರೆ ಇದರ ಸಹವಾಸ ಬೇಡ. ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಸಂಸ್ಥೆ ಸಾಕಿದ ಖಾಕಿ ಕ್ಯಾಂಬೆಲ್ ಬಾತು ವರ್ಷಕ್ಕೆ ಮುನ್ನೂರರ ಹತ್ತಿರ ಇಡಬಲ್ಲದು. ಮಸ್ಕೋವಿ ನೂರು ಇಟ್ಟರೆ ಹೆಚ್ಚು. ಇದು ಮಾಂಸದ ತಳಿ. ಗಂಡು ಐದು ಕಿಲೋ ದಾಟುತ್ತದೆ, ಕೊಬ್ಬು ಕಡಿಮೆ. ಆದರೆ ಕೇರಳದ ಕುಟ್ಟನಾಡಿನಲ್ಲೋ ಬಂಗಾಳದಲ್ಲೋ ಬಾತಿಗಿರುವ ಗಿರಾಕಿ ನಮ್ಮ ಸಂತೆಗಳಲ್ಲಿಲ್ಲ. ಮಾಂಸ ಮುಟ್ಟದ ಮನೆಗಳೂ ಅಂದಕ್ಕೆಂದು ಒಂದು ಜೋಡಿ ತರುತ್ತವೆ. ಹೆಣ್ಣು ವರ್ಷಕ್ಕೆ ಎರಡು ಮೂರು ಸಲ ಕಾವಿಗೆ ಕೂತು ಹತ್ತು ಹನ್ನೆರಡು ಮರಿ ಎಬ್ಬಿಸಿದಾಗ, ಕೊಯ್ಯಲೂ ಆಗದೆ ಮಾರಲೂ ಆಗದೆ ಕೆರೆಗೆ ಬಿಟ್ಟುಬರುವ ಯೋಚನೆ ಬರುತ್ತದೆ. ಅದು ತಪ್ಪು. ಅಮೆರಿಕದ ಫ್ಲಾರಿಡಾದಲ್ಲಿ ಹೀಗೆ ಬಿಟ್ಟವು ಊರಿಗೇ ಕಾಟವಾಗಿವೆ. 2010ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ನಿಯಮವನ್ನೇ ತರಬೇಕಾಯಿತು. ಎಷ್ಟು ಮರಿ ಬೇಕೆಂದು ಮೊದಲೇ ತೀರ್ಮಾನಿಸಿ, ಮಿಕ್ಕ ಮೊಟ್ಟೆಯನ್ನು ಕಾವಿಗೆ ಮುಂಚೆಯೇ ತೆಗೆದುಬಿಡುವುದು ಲೇಸು.

ನಮ್ಮ ಸೀಮೆಗೇ ಮೀಸಲಾದ ಅಪಾಯ ಇರುವುದು ಕೊಬ್ಬರಿಯಲ್ಲಿ. ಅಟ್ಟದ ಕಾಯಿ ಸುಲಿದು ಒಡೆದಾಗ ಒಳ್ಳೆಯ ಉಂಡೆ ಮಾರುಕಟ್ಟೆಗೆ ಹೋಗುತ್ತದೆ, ಕೆಟ್ಟದ್ದು ಗಾಣಕ್ಕೆ. ಬೂಷ್ಟು ಹಿಡಿದ ಚೂರು, ಮಳೆಗಾಲದಲ್ಲಿ ತೇವ ಕುಡಿದ ಹಿಂಡಿ ಇವನ್ನು ‘ಹಕ್ಕಿಗಾದರೂ ಆಗಲಿ’ ಎಂದು ಅಂಗಳಕ್ಕೆ ಸುರಿಯುವುದು ನಮ್ಮ ರೂಢಿ. ಬೂಷ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ತಿನ್ನುತ್ತದೆ, ಮತ್ತು ಅದಕ್ಕೆ ಬಾತಿನ ಮರಿಯಷ್ಟು ಬೇಗ ಬಲಿಯಾಗುವ ಸಾಕುಪ್ರಾಣಿ ಕಡಿಮೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳೂ ಜೊತೆಗೆ ಬಾತಿನ ಮರಿಗಳೂ ಸತ್ತಾಗಲೇ ಈ ವಿಷ ಪತ್ತೆಯಾದದ್ದು. ತಂದದ್ದು ಬ್ರೆಜಿಲಿನ ಕಡಲೆಕಾಯಿ ಹಿಂಡಿ. ಆಮೇಲೆ ಮೇವಿನಲ್ಲಿ ವಿಷ ಇದೆಯೇ ಎಂದು ನೋಡಲು ವಿಜ್ಞಾನಿಗಳು ಒಂದು ದಿನದ ಬಾತುಮರಿಯನ್ನೇ ಅಳತೆಗೋಲು ಮಾಡಿಕೊಂಡರು. ಬೇಯಿಸಿದರೂ ಹುರಿದರೂ ಇದು ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಮರಿಗಳಿಗೆ ಒಣಗಿದ ರಾಗಿ, ಜೋಳದ ನುಚ್ಚು, ಸೊಪ್ಪು ಹಾಕಿ. ಬೂಷ್ಟಿನ ಚೂರನ್ನು ಹಸುವಿಗೂ ಹಾಕಬೇಡಿ, ವಿಷದ ಅಂಶ ಹಾಲಿಗೂ ಇಳಿಯುತ್ತದೆ.

ಕೃಷಿ ಹೊಂಡ ಇರುವವರಿಗೆ ಒಂದು ಮಾತು. ಕೃಷಿ ಭಾಗ್ಯ ಯೋಜನೆಯಲ್ಲಿ ಹಾಸಿದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ; ಇಳಿದ ಮರಿ ಹತ್ತಿಬರಲಾರದೆ ದಣಿದು ಮುಳುಗುತ್ತದೆ. ದೊಡ್ಡವುಗಳ ಉಗುರು ಹಾಳೆಯನ್ನೇ ಗೀರಿಬಿಡಬಹುದು. ಸುತ್ತ ಬಲೆ ಕಟ್ಟಿ. ಹೆಣ್ಣು ಹಾರಬಲ್ಲದು, ಹಾಗಾಗಿ ಒಂದೇ ರೆಕ್ಕೆಯ ತುದಿಗರಿ ಕತ್ತರಿಸಬೇಕು. ರಾತ್ರಿ ಗೂಡಿನ ಬಾಗಿಲು ಹಾಕದಿದ್ದರೆ ನಾಯಿ, ಮುಂಗುಸಿಗೆ ಸುಗ್ಗಿ. ಒಂದು ಗಂಡಿಗೆ ನಾಲ್ಕೈದು ಹೆಣ್ಣು ಸಾಕು, ಎರಡು ಗಂಡಿದ್ದರೆ ದಿನವೂ ಕಾಳಗ.

ಕೋಳಿಗಿಂತ ಇದಕ್ಕೆ ಕಾಯಿಲೆ ಕಡಿಮೆ ಎನ್ನುವುದು ಅರ್ಧ ಸತ್ಯ. ಬಾತಿನ ಪ್ಲೇಗು ಮಸ್ಕೋವಿಗೆ ಬಹಳ ಬೇಗ ತಗಲುತ್ತದೆ. ಹಕ್ಕಿಜ್ವರದ ವೈರಾಣುವನ್ನು ಬಾತುಗಳು ಕೆಲವೊಮ್ಮೆ ಲಕ್ಷಣ ತೋರದೆಯೇ ಹೊತ್ತು ತಿರುಗುತ್ತವೆ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದಲ್ಲಿಯೇ ಆ ಜ್ವರ ಕಾಣಿಸಿತ್ತು. 2014ರಲ್ಲಿ ಕುಟ್ಟನಾಡಿನಲ್ಲಿ ಬಾತುಗಳನ್ನು ರಾಶಿರಾಶಿಯಾಗಿ ಕೊಲ್ಲಬೇಕಾಯಿತು. ವಲಸೆ ಹಕ್ಕಿ ಇಳಿಯುವ ಕೆರೆಯ ಬದಿಯಲ್ಲಿ ತೋಟವಿದ್ದರೆ ಚಳಿಗಾಲದಲ್ಲಿ ಬಾತುಗಳನ್ನು ಅತ್ತ ಬಿಡಬೇಡಿ. ಎರಡು ಮೂರು ಒಟ್ಟಿಗೆ ಸತ್ತರೆ ಹಳ್ಳಕ್ಕೆ ಎಸೆಯದೆ, ಕೊಯ್ದು ನೋಡಲೂ ಹೋಗದೆ, ಹತ್ತಿರದ ಪಶು ಆಸ್ಪತ್ರೆಗೆ ಫೋನು ಮಾಡಿ.