ಮೀನು ನಿಮ್ಮ ಕಂಟಕ ಹೊತ್ತು ಸಾಯುವುದಿಲ್ಲ

ಹೊಸ ಮನೆ ಕಟ್ಟಿಸಿದವರ ಪಡಸಾಲೆಯಲ್ಲಿ ಈಗ ಟಿವಿ ಪಕ್ಕ ಒಂದು ಗಾಜಿನ ತೊಟ್ಟಿ ಇರುತ್ತದೆ. ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಗುಳ್ಳೆ ಬಿಡುವ ಗೊಂಬೆ, ಒಂಬತ್ತು ಗೋಲ್ಡ್‌ಫಿಶ್. ಎಂಟು ಕೆಂಪು, ಒಂದು ಕಪ್ಪು. ಹದಿನೈದು ದಿನ ಬಿಟ್ಟು ಹೋಗಿ ನೋಡಿ, ನಾಲ್ಕು ಉಳಿದಿರುತ್ತವೆ. ಇನ್ನೊಂದು ಹದಿನೈದು ದಿನಕ್ಕೆ ತೊಟ್ಟಿ ಖಾಲಿ. ಯಾಕ್ರೀ ಹಿಂಗಾಯ್ತು ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಮನೆಗೆ ಏನೋ ಕಂಟಕ ಬರೋದಿತ್ತು, ಮೀನು ತನ್ನ ಮೇಲೆ ತಗೊಂಡು ಹೋಯ್ತು."

ಈ ಮಾತು ಸುಳ್ಳು. ಮೀನು ಸತ್ತದ್ದು ತನ್ನದೇ ಹೇಲುಚ್ಚೆಯ ವಿಷದಲ್ಲಿ ಉಸಿರು ಕಟ್ಟಿ. ಅದನ್ನು ಅಲ್ಲಿಗೆ ತಂದು ಕೂಡಿಹಾಕಿದ್ದು ನಾವು. ಇಷ್ಟನ್ನು ನೇರವಾಗಿ ಹೇಳದೆ ಕಂಟಕದ ಕಥೆ ಕಟ್ಟುವುದರಿಂದ ಲಾಭ ಯಾರಿಗೆ, ಯೋಚಿಸಿ.

ಕೋಳಿಮರಿ ತಂದ ವಾರಕ್ಕೆ ಅರ್ಧ ಸತ್ತರೆ ಕೊಟ್ಟವನನ್ನು ಹಿಡಿದು ಕೇಳುತ್ತೀರಿ. ಹಸು ಮೇವು ಬಿಟ್ಟರೆ ಡಾಕ್ಟರಿಗೆ ಫೋನ್ ಮಾಡುತ್ತೀರಿ. ಬೀಜ ಮೊಳೆಯದಿದ್ದರೆ ಅಂಗಡಿ ಮುಂದೆ ಜಗಳಕ್ಕೆ ನಿಲ್ಲುತ್ತೀರಿ. ಮೀನು ಸತ್ತರೆ ಮಾತ್ರ ಕೈಮುಗಿದು, ಜೇಬಿಗೆ ಕೈಹಾಕಿ, ಇನ್ನೊಂದು ಜೊತೆ ತರುತ್ತೀರಿ. ಮಾಲು ಕೆಟ್ಟರೆ ಗಿರಾಕಿಯೇ ಸಮಾಧಾನ ಹೇಳಿಕೊಂಡು ಮತ್ತೆ ಬರುವ ಇಂಥ ವ್ಯಾಪಾರ ಬೇರೆಲ್ಲಿದೆ?

ಇದನ್ನು ವಾಸ್ತು ಎಂದು ಮಾರುತ್ತಾರೆ. ಎಂಟು ಕೆಂಪು, ಒಂದು ಕಪ್ಪು ಎಂಬ ಲೆಕ್ಕ ಬಂದದ್ದು ಚೀನಾದ ಫೆಂಗ್ ಶೂಯಿಯಿಂದ. ನಮ್ಮ ಹಿರಿಯರ ಕಡೆಯದು ಬೇಕಿದ್ದರೆ ಶೃಂಗೇರಿಗೆ ಹೋಗಿ, ತುಂಗೆಯ ದಡದಲ್ಲಿ ನಿಂತು ನೋಡಿ. ಶಿಶಿಲದ ಮತ್ಸ್ಯತೀರ್ಥಕ್ಕೆ ಹೋಗಿ ನೋಡಿ. ಅಲ್ಲಿ ಮೀನು ದೇವರದು. ಯಾರೂ ಗಾಳ ಹಾಕುವಂತಿಲ್ಲ. ಜನ ಅಕ್ಕಿ, ಮಂಡಕ್ಕಿ ಹಾಕಿ ಕೈಮುಗಿಯುತ್ತಾರೆ. ಮೀನನ್ನು ಬದುಕಿಸುವ ನಂಬಿಕೆ ನಮ್ಮದು. ಸತ್ತದ್ದಕ್ಕೆ ನೆಪ ಹುಡುಕುವ ನಂಬಿಕೆಯನ್ನು ನಮ್ಮ ತಲೆಗೆ ಕಟ್ಟಿದ್ದಾರೆ.

ಮೂರು ಕೊಡದಲ್ಲಿ ಒಂಬತ್ತು ಮೀನು

ಲೆಕ್ಕ ಹಾಕೋಣ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಗೆ ಕಲ್ಲು, ಮೇಲಿನ ಜಾಗ ಕಳೆದರೆ ಹಿಡಿಯುವುದು ಸುಮಾರು 45ರಿಂದ 50 ಲೀಟರ್. ನಮ್ಮ ಭಾಷೆಯಲ್ಲಿ ಮೂರು ಕೊಡ ನೀರು.

ಗೋಲ್ಡ್‌ಫಿಶ್ ಎಂದರೆ ನಮ್ಮ ಕೆರೆಯ ಗೆಂಡೆ ಮೀನಿನ ಬಳಗ. ಅಂಗಡಿಯಲ್ಲಿ ಹೆಬ್ಬೆರಳಷ್ಟಿರುವುದು ಮರಿ. ಸರಿಯಾಗಿ ಸಾಕಿದರೆ ಅರ್ಧ ಅಡಿ ದಾಟುತ್ತದೆ, ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಮೊದಲ ಮೀನಿಗೆ 75 ಲೀಟರ್, ಆಮೇಲಿನ ಒಂದೊಂದಕ್ಕೂ 40 ಲೀಟರ್ ಎಂಬುದು ಸಾಕಿ ಅನುಭವ ಇರುವವರು ಹೇಳುವ ಅಂದಾಜು. ಒಂಬತ್ತಕ್ಕೆ ಸುಮಾರು 400 ಲೀಟರ್, ಅಂದರೆ ಎರಡು ದೊಡ್ಡ ನೀಲಿ ಡ್ರಮ್ಮು ತುಂಬ ನೀರು. ನಾವು ಕೊಡುತ್ತಿರುವುದು ಮೂರು ಕೊಡ. ಗೋಲಿಯಾಕಾರದ ಪುಟ್ಟ ಬಟ್ಟಲಿಗೆ ಹಾಕುವವರಂತೂ ಮೂರನೇ ಒಂದು ಕೊಡವನ್ನೂ ಕೊಡುವುದಿಲ್ಲ.

ಈ ನೀರಿನಲ್ಲಿ ಆಗುವುದೇನು? ಮೀನಿನ ಗಲೀಜು, ಉಳಿದ ತಿಂಡಿ ಕೊಳೆತು ಅಮೋನಿಯಾ ಆಗುತ್ತದೆ. ನೀರು ನೋಡಲು ತಿಳಿಯಾಗಿಯೇ ಇರುತ್ತದೆ, ವಾಸನೆಯೂ ಬರುವುದಿಲ್ಲ. ಮೀನಿನ ಕಿವಿರು ಮಾತ್ರ ಸುಡುತ್ತಿರುತ್ತದೆ. ಅದು ಮೇಲೆ ಬಂದು ಬಾಯಿ ತೆರೆಯುವುದನ್ನು "ನಮ್ಮ ಜೊತೆ ಮಾತಾಡ್ತಿದೆ" ಎಂದು ವಿಡಿಯೊ ಮಾಡಿ ಸ್ಟೇಟಸ್ ಹಾಕುತ್ತೇವೆ. ಅದು ಉಸಿರಿಗೆ ಒದ್ದಾಡುತ್ತಿದೆ, ಸ್ವಾಮಿ.

ಹೆಪ್ಪು ಹಾಕದೆ ಮೊಸರಾಗುವುದಿಲ್ಲ

ಅಮೋನಿಯಾವನ್ನು ತಿಂದು ನೈಟ್ರೈಟ್ ಮಾಡುವ, ಅದನ್ನು ಮತ್ತೆ ಹೆಚ್ಚು ತೊಂದರೆ ಕೊಡದ ನೈಟ್ರೇಟ್ ಮಾಡುವ ಸೂಕ್ಷ್ಮಜೀವಿಗಳಿವೆ. ಫಿಲ್ಟರಿನ ಸ್ಪಂಜು, ಕಲ್ಲು ಇವುಗಳ ಮನೆ. ಹೊಸ ತೊಟ್ಟಿಯಲ್ಲಿ ಇವು ಬೆಳೆಯಲು ಮೂರರಿಂದ ಆರು ವಾರ ಬೇಕು. ತೊಟ್ಟಿ ತಂದ ದಿನವೇ ಮೀನು ಬಿಟ್ಟರೆ ಹತ್ತು-ಹದಿನೈದು ದಿನಕ್ಕೆ ಸಾವು ಶುರುವಾಗುವುದು ಇದಕ್ಕೇ. ಹಾಲಿಗೆ ಹೆಪ್ಪು ಹಾಕದೆ ಬೆಳಿಗ್ಗೆ ಮೊಸರಿಲ್ಲ ಎಂದು ಅತ್ತ ಹಾಗೆ.

ದಾರಿ ಸುಲಭ. ಮೀನಿಲ್ಲದೆ ಫಿಲ್ಟರ್ ಓಡಿಸಿ, ದಿನಾ ಚಿಟಿಕೆ ಮೀನಿನ ತಿಂಡಿ ಹಾಕಿ, ತಿಂಗಳು ಕಾಯಿರಿ. ಮೀನು ಆರೋಗ್ಯವಾಗಿರುವ ಹಳೆಯ ತೊಟ್ಟಿ ಪರಿಚಯದವರ ಮನೆಯಲ್ಲಿದ್ದರೆ ಅದರ ಫಿಲ್ಟರಿನ ಸ್ಪಂಜಿನ ತುಂಡು ತಂದು ಹಾಕಿ. ಅದೇ ಹೆಪ್ಪು, ಬೇಗ ಆಗುತ್ತದೆ. ಆಮೇಲೂ ಎರಡು-ಮೂರು ಮೀನಿನಿಂದ ಶುರು ಮಾಡಿ.

ಭಾನುವಾರ ಬಂತೆಂದು ನೀರೆಲ್ಲ ಚೆಲ್ಲಿ, ಕಲ್ಲನ್ನು ಸೋಪಿನ ಪುಡಿಯಲ್ಲಿ ಉಜ್ಜುವವರಿದ್ದಾರೆ. ಅವರು ಪ್ರತಿ ವಾರ ಹೆಪ್ಪನ್ನೇ ಚೆಲ್ಲುತ್ತಿದ್ದಾರೆ. ವಾರಕ್ಕೆ ಕಾಲು ಭಾಗ ನೀರು ತೆಗೆದು ಹೊಸ ನೀರು ಹಾಕಿದರೆ ಸಾಕು. ತೆಗೆದ ನೀರಿನಲ್ಲೇ ಸ್ಪಂಜು ಹಿಂಡಿ. ಉಳಿದದ್ದನ್ನು ಮಲ್ಲಿಗೆ ಬುಡಕ್ಕೆ ಹಾಕಿ, ಅದು ಗೊಬ್ಬರ.

ಯಾರ ಜೊತೆ ಯಾರು?

ಅಂಗಡಿಯಲ್ಲಿ "ಮಿಕ್ಸ್ ಹತ್ತು ಕೊಡಿ" ಎನ್ನುತ್ತೇವೆ, ಮಿಠಾಯಿ ಕೊಂಡ ಹಾಗೆ. ಕೊಡುವವರೂ ಬಲೆ ಹಾಕಿ ಎತ್ತಿ ಕೊಡುತ್ತಾರೆ. ನಾಯಿ, ಬೆಕ್ಕು, ಕೋಳಿಯನ್ನು ಒಂದೇ ಬೋನಿನಲ್ಲಿ ಹಾಕಿ ಬೆಳಿಗ್ಗೆ ಲೆಕ್ಕ ಹಾಕುತ್ತೀರಾ?

ಫೈಟರ್ ಮೀನು ಒಂಟಿ. ಎರಡು ಗಂಡು ಸೇರಿಸಿದರೆ ಹರಿದು ಹಾಕುತ್ತವೆ. ಉದ್ದ ಬಾಲದ ಗಪ್ಪಿಯನ್ನೂ ಶತ್ರು ಎಂದುಕೊಳ್ಳಬಹುದು. ಒಂದನ್ನೇ, ಕನಿಷ್ಠ ಒಂದು ಕೊಡ ನೀರಿನಲ್ಲಿ ಸಾಕಿ. ಟೈಗರ್ ಬಾರ್ಬ್ ಬೇರೆಯವರ ರೆಕ್ಕೆ ಕಚ್ಚುತ್ತದೆ. ಏಂಜೆಲ್ ಮೀನು ದೊಡ್ಡದಾದ ಮೇಲೆ ಪುಟ್ಟ ನಿಯಾನ್ ಟೆಟ್ರಾಗಳನ್ನು ನುಂಗುತ್ತದೆ. ಆಸ್ಕರ್ ತನ್ನ ಬಾಯಿಗೆ ಹಿಡಿಸುವುದನ್ನೆಲ್ಲ ತಿನ್ನುತ್ತದೆ. ಗೋಲ್ಡ್‌ಫಿಶ್‌ಗೆ ತಂಪು ನೀರು ಹಿತ, ಫೈಟರ್‌ಗೆ ಬೆಚ್ಚಗಿನ ನೀರು ಬೇಕು. ಇವೆರಡನ್ನೂ ಒಟ್ಟಿಗೆ ಮಾರುವವರಿಗೆ ಮೀನು ಗೊತ್ತಿಲ್ಲ, ಇಲ್ಲವೇ ನೀವು ಬೇಗ ಮತ್ತೆ ಬರಲಿ ಎಂಬ ಆಸೆಯಿದೆ.

ಹಾಗಾದರೆ ಹೊಸಬರು ಏನು ತರಬೇಕು? ಮೊದಲು ನಿಮ್ಮ ನೀರು ನೋಡಿ. ಬಯಲುಸೀಮೆಯ ಬೋರ್‌ವೆಲ್ ನೀರು ಬಹುತೇಕ ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪದರ ಕೂತರೆ, ಸೋಪು ನೊರೆ ಬಾರದಿದ್ದರೆ ಅದೇ ಗುರುತು. ಇಂಥ ನೀರನ್ನು ಇಷ್ಟಪಡುವ ಮೀನುಗಳೇ ಇವೆ: ಗಪ್ಪಿ, ಪ್ಲಾಟಿ, ಮೋಲಿ. ಸೊಳ್ಳೆ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ತೊಟ್ಟಿಗಳಿಗೆ ಬಿಡುವ ಮೀನುಗಳಲ್ಲಿ ಗಪ್ಪಿಯೂ ಒಂದು. ಅಷ್ಟು ಗಟ್ಟಿ ಜೀವ ಅದು. ಒಂದು ಗಂಡಿಗೆ ಎರಡು-ಮೂರು ಹೆಣ್ಣು ಇರಲಿ. ಆದರೆ ಸುಮಾರು ತಿಂಗಳಿಗೊಮ್ಮೆ ಮರಿ ಹಾಕುತ್ತವೆ. ಅಷ್ಟಕ್ಕೆ ಜಾಗ ಇಲ್ಲವೆಂದರೆ ಗಂಡುಗಳನ್ನಷ್ಟೇ ತನ್ನಿ.

ಮಲೆನಾಡಿನ ಮೆದು ನೀರಿನವರು ಟೆಟ್ರಾ ಸಾಕಬಹುದು, ಆರಕ್ಕಿಂತ ಕಮ್ಮಿ ಬೇಡ, ಅವು ಗುಂಪಿನಲ್ಲಿ ಬದುಕುವ ಜೀವ. ಜೀಬ್ರಾ ಡ್ಯಾನಿಯೊ ಭಾರತದ ಹೊಳೆಗಳದ್ದೇ ಮೀನು. ಮೆದುವೋ ಗಡಸೋ, ಎರಡೂ ನೀರಿಗೆ ಹೊಂದಿಕೊಳ್ಳುತ್ತದೆ. ಇದಕ್ಕೂ ಆರರ ಗುಂಪು ಬೇಕು. ಮೂರು ಕೊಡದ ತೊಟ್ಟಿಗೆ ಆರು ಡ್ಯಾನಿಯೊ, ನಾಲ್ಕು ಗಂಡು ಗಪ್ಪಿ ಧಾರಾಳ ಸಾಕು.

ಶುದ್ಧ ನೀರಿನ ಘಟಕದ ಕ್ಯಾನ್ ನೀರು ಹಾಕಿದರೆ ಮೀನಿಗೆ ಒಳ್ಳೆಯದು ಎಂಬುದೂ ತಪ್ಪು. ಅದರಲ್ಲಿ ಖನಿಜ ತೆಗೆದುಬಿಟ್ಟಿರುತ್ತಾರೆ, ಮೋಲಿಯಂಥವು ಅದರಲ್ಲಿ ಸೊರಗುತ್ತವೆ. ಬೋರ್ ನೀರನ್ನು ಬಕೆಟ್‌ನಲ್ಲಿ ಒಂದು ರಾತ್ರಿ ಇಟ್ಟು ಹಾಕಿ. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಒಂದು ದಿನ ಪೂರ್ತಿ ತೆರೆದಿಡಿ.

ಕರೆಂಟು ಹೋದಾಗ ಫಿಲ್ಟರ್ ನಿಲ್ಲುತ್ತದೆ, ಗಾಳಿ ಕಮ್ಮಿಯಾಗುತ್ತದೆ. ನಮ್ಮ ಊರುಗಳಲ್ಲಿ ಕಮ್ಮಿ ಮೀನು ಇಡಬೇಕು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು. ಹತ್ತು ಪುಟ್ಟ ಮೀನಿರುವ ತೊಟ್ಟಿ ಕೆಲವು ಗಂಟೆ ತಡೆದುಕೊಳ್ಳುತ್ತದೆ, ಮೂವತ್ತು ತುಂಬಿದ್ದು ತಡೆಯುವುದಿಲ್ಲ. ಜಾಸ್ತಿ ಹೊತ್ತಾದರೆ ಚೊಂಬಿನಲ್ಲಿ ತೊಟ್ಟಿಯ ನೀರು ಎತ್ತಿ ಮೇಲಿಂದ ಸುರಿಯಿರಿ. ತಿಂಡಿ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಹರಿಯುವ ಹೊಳೆಗೆ ಹಾಕಿದಂತೆ ತೊಟ್ಟಿಗೂ ಅನ್ನ, ಮಂಡಕ್ಕಿ ಹಾಕಬೇಡಿ.

"ತಿನ್ನುವ ಮೀನಿಗೆ ಇಷ್ಟೆಲ್ಲ ಯಾಕೆ?"

ಈ ಪ್ರಶ್ನೆ ಬರುತ್ತದೆ ಎಂದು ಗೊತ್ತು. ತಿನ್ನುವವರು ಹಿಡಿಯುತ್ತಾರೆ, ತಿನ್ನುತ್ತಾರೆ, ಅದರಲ್ಲಿ ಮುಚ್ಚುಮರೆ ಇಲ್ಲ. ಮಗುವಿಗೆ "ಇದು ನಮ್ಮ ಮನೆಯ ಮೀನು, ಹೆಸರಿಡು" ಎಂದು ಹೇಳಿ, ಹದಿನೈದು ದಿನ ಉಸಿರುಗಟ್ಟಿಸಿ, ಕೊನೆಗೆ "ನಮ್ಮ ಕಂಟಕ ಹೊತ್ತು ಹೋಯ್ತು" ಎನ್ನುವುದು ಬೇರೆ. ಆ ಮಗು ಏನು ಕಲಿಯಿತು? ನಮ್ಮ ತಪ್ಪಿಗೆ ಬಾಯಿಲ್ಲದ ಜೀವ ಸತ್ತರೆ, ಅದನ್ನೇ ಶುಭ ಎನ್ನಬಹುದು ಎಂದು ಕಲಿಯಿತು.

"ಅಂಗಡಿಯವನ ಹೊಟ್ಟೆ ಮೇಲೆ ಹೊಡೀತೀರಾ?" ಎಂದೂ ಕೇಳಬಹುದು. ಮೀನು ಬದುಕಿದ ಗಿರಾಕಿ ವರ್ಷಗಟ್ಟಲೆ ತಿಂಡಿಗೆ, ಫಿಲ್ಟರಿಗೆ, ದೊಡ್ಡ ತೊಟ್ಟಿಗೆ ಬರುತ್ತಾನೆ. ಮೂರು ಸಲ ಸತ್ತದ್ದನ್ನು ಕಂಡವನು ತೊಟ್ಟಿಯನ್ನು ಅಟ್ಟಕ್ಕೆ ಎಸೆಯುತ್ತಾನೆ. ನಿಜ ಹೇಳುವ ಅಂಗಡಿಯವರೂ ಇದ್ದಾರೆ, ಹುಡುಕಿ ಅವರ ಹತ್ತಿರವೇ ಕೊಳ್ಳಿ.

ಇನ್ನೊಂದು ಕಂಟಕ ಮಾತ್ರ ನಿಜವಾಗಿ ಇದೆ, ಅದು ನಮ್ಮ ಕೆರೆಗೆ. "ತೊಟ್ಟಿ ಕ್ಲೀನ್ ಮಾಡುತ್ತದೆ" ಎಂದು ಕೊಡುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಒಂದು ಅಡಿಗೂ ಮೀರಿ ಬೆಳೆಯುತ್ತದೆ. ಸಾಕಲಾಗದೆ, ಕೊಲ್ಲಲೂ ಮನಸ್ಸಿಲ್ಲದೆ, ಪುಣ್ಯ ಬರಲಿ ಎಂದು ಕೆರೆಗೆ ಬಿಡುತ್ತಾರೆ. ಅಲ್ಲಿ ಅದು ಕೋಟೆ ಕಟ್ಟಿದಂತೆ ಗಟ್ಟಿ ಮೈ ಹೊತ್ತು ಬೆಳೆದು, ಬೆಸ್ತರ ಬಲೆ ಹರಿದು, ನಮ್ಮ ಮೀನುಗಳ ಜಾಗ, ತಿಂಡಿ ಕಿತ್ತುಕೊಳ್ಳುತ್ತದೆ. ದಕ್ಷಿಣ ಭಾರತದ ಹಲವು ಕೆರೆ-ಹೊಳೆಗಳಲ್ಲಿ ಇದು ಈಗಾಗಲೇ ಸೇರಿಕೊಂಡಿದೆ. ಬೇಡವಾದ ಮೀನನ್ನು ಅಂಗಡಿಗೆ ವಾಪಸ್ ಕೊಡಿ, ಸಾಕುವವರಿಗೆ ಕೊಡಿ. ಕೆರೆಗೆ, ಬಾವಿಗೆ, ಹಳ್ಳಕ್ಕೆ ಬಿಡಬೇಡಿ.

ಮುಂದಿನ ಸಲ ಅಂಗಡಿಗೆ ಹೋದಾಗ ಮೂರೇ ಮೂರು ಪ್ರಶ್ನೆ ಕೇಳಿ. ಇದು ಎಷ್ಟು ದೊಡ್ಡದಾಗುತ್ತದೆ? ಯಾರ ಜೊತೆ ಹೊಂದುತ್ತದೆ? ಇದಕ್ಕೆ ಎಷ್ಟು ಕೊಡ ನೀರು ಬೇಕು? ಉತ್ತರ ಬರಲಿಲ್ಲವೆಂದರೆ ಬರಿಗೈಲಿ ವಾಪಸ್ ಬನ್ನಿ. ಮನೆಯಲ್ಲಿ ಮೀನು ಸತ್ತರೆ ನೀರು ನೋಡಿ, ಲೆಕ್ಕ ನೋಡಿ, ಜೊತೆಗಿದ್ದ ಮೀನು ನೋಡಿ. ಕಾರಣ ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದನ್ನು ಮಕ್ಕಳಿಗೂ ಹೇಳಿ.