ಮನಸ್ಸಿನ ಆ್ಯಪ್‌ಗಳಿಗೆ ಆಸ್ಪತ್ರೆಯಲ್ಲೊಬ್ಬ ಮಾರ್ಗದರ್ಶಕ: ಬೇಕೇ, ಬೇಡವೇ?

ಖಿನ್ನತೆ, ಆತಂಕ, ನಿದ್ರಾಹೀನತೆಗಳಿಗೆ ನೆರವಾಗುವುದಾಗಿ ಹೇಳಿಕೊಳ್ಳುವ ಸಾವಿರಾರು ಮೊಬೈಲ್ ಆ್ಯಪ್‌ಗಳಲ್ಲಿ ತನಗೆ ಹೊಂದುವುದನ್ನು ಆರಿಸಿಕೊಳ್ಳಲು, ಆರಿಸಿದ್ದನ್ನು ನಡುವೆ ಬಿಡದೆ ಬಳಸಲು ರೋಗಿಗೆ ಜೊತೆಯಾಗುವ ಸಿಬ್ಬಂದಿಗೆ ಅಮೆರಿಕದಲ್ಲಿ 'ಡಿಜಿಟಲ್ ನ್ಯಾವಿಗೇಟರ್' ಎನ್ನುತ್ತಾರೆ. ಬಾಸ್ಟನ್ನಿನ ಮನೋವೈದ್ಯ ಜಾನ್ ಟೋರಸ್ ಮತ್ತು ಅವರ ಸಹೋದ್ಯೋಗಿಗಳು ಬೆಳೆಸಿದ ಈ ಕಲ್ಪನೆಯಲ್ಲಿ ಮಾರ್ಗದರ್ಶಕನು ಚಿಕಿತ್ಸೆ ನೀಡುವುದಿಲ್ಲ. ಆ್ಯಪನ್ನು ಹೊಂದಿಸಿಕೊಟ್ಟು, ಕೆಲವು ದಿನಗಳ ಬಳಿಕ ವಿಚಾರಿಸಿ, ಅದರಲ್ಲಿ ದಾಖಲಾದುದನ್ನು ವೈದ್ಯರ ಗಮನಕ್ಕೆ ತರುತ್ತಾನೆ. ಕರ್ನಾಟಕದ ಜಿಲ್ಲಾಸ್ಪತ್ರೆಗಳಲ್ಲಿ ಇಂಥ ಹುದ್ದೆ ಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಪರ

ಆ್ಯಪ್‌ಗಳನ್ನು ಇಳಿಸಿಕೊಳ್ಳುವವರು ಬಹಳ, ಉಳಿಸಿಕೊಳ್ಳುವವರು ವಿರಳ. 93 ಮಾನಸಿಕ ಆರೋಗ್ಯ ಆ್ಯಪ್‌ಗಳ ಬಳಕೆಯನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 30 ದಿನಗಳ ನಂತರವೂ ಬಳಕೆ ಮುಂದುವರಿಸಿದವರ ಪ್ರಮಾಣದ ಮಧ್ಯಾಂಕ, ಅಂದರೆ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಸಂಖ್ಯೆ, ಕೇವಲ ಶೇ 3.3 ಆಗಿತ್ತು. ಇದಕ್ಕೆ ರೋಗಿಯ ಸೋಮಾರಿತನವನ್ನು ದೂರುವುದು ಅನ್ಯಾಯ. ಕೈಗೆತ್ತಿಕೊಂಡ ಕೆಲಸವನ್ನು ಮುಂದುವರಿಸಲಾಗದ ನಿರುತ್ಸಾಹವೇ ಖಿನ್ನತೆಯ ಲಕ್ಷಣವಾಗಿರುವಾಗ, ದಿನವೂ ತಾನಾಗಿಯೇ ತೆರೆಯಬೇಕಾದ ಸಾಧನವೊಂದನ್ನು ರೋಗಿಯ ಕೈಗಿತ್ತು ಸುಮ್ಮನಾಗುವುದು ಕಾಯಿಲೆಯ ಸ್ವರೂಪವನ್ನೇ ಮರೆತಂತೆ.

ಆಯ್ಕೆಯೂ ಸುಲಭವಲ್ಲ. ಆ್ಯಪ್ ಮಳಿಗೆಯಲ್ಲಿ ಕಾಣುವ ನಕ್ಷತ್ರಗಳು ಬಳಕೆದಾರರ ಮೆಚ್ಚುಗೆಯನ್ನು ಹೇಳುತ್ತವೆಯೇ ಹೊರತು ಚಿಕಿತ್ಸೆಯ ಪರಿಣಾಮವನ್ನಲ್ಲ. ಅಮೆರಿಕದ ಮನೋವೈದ್ಯರ ಸಂಘದ ಮೌಲ್ಯಮಾಪನ ಕ್ರಮವು ತಯಾರಕರ ಹಿನ್ನೆಲೆ, ಮಾಹಿತಿಯ ಗೋಪ್ಯತೆ, ವೈಜ್ಞಾನಿಕ ಆಧಾರ, ಬಳಕೆಯ ಸುಲಭತೆ, ಚಿಕಿತ್ಸೆಯ ಗುರಿಗೆ ಹೊಂದಿಕೆ ಎಂಬ ಐದು ಹಂತಗಳಲ್ಲಿ ಆ್ಯಪನ್ನು ತೂಗಿ ನೋಡಲು ಹೇಳುತ್ತದೆ. ನಿದ್ದೆಯಿಲ್ಲದೆ ಬಳಲಿ ಬಂದವರಿಂದ ಈ ಪರಿಶೀಲನೆಯನ್ನು ನಿರೀಕ್ಷಿಸಲಾಗದು, ಹೊರರೋಗಿಗಳ ಸಾಲಿನ ಒತ್ತಡದಲ್ಲಿರುವ ವೈದ್ಯರಿಗೂ ಅದಕ್ಕೆ ಬಿಡುವಿಲ್ಲ. ಆ್ಯಪ್ ಕನ್ನಡದಲ್ಲಿದೆಯೇ, ಇಂಟರ್ನೆಟ್ ಇಲ್ಲದಾಗಲೂ ನಡೆಯುತ್ತದೆಯೇ, ಮನೆಮಂದಿಯೆಲ್ಲ ಬಳಸುವ ಒಂದೇ ಫೋನಿನಲ್ಲಿ ಅದರ ಸೂಚನೆಗಳು ಇತರರ ಕಣ್ಣಿಗೆ ಬೀಳದಂತೆ ಮಾಡಬಹುದೇ ಎಂಬ ಸಣ್ಣ ಸಂಗತಿಗಳನ್ನು ಪಕ್ಕದಲ್ಲಿ ಕುಳಿತು ನೋಡಿಕೊಡುವ ಒಬ್ಬರಿದ್ದರೆ, ಅನೇಕರು ಮೊದಲ ವಾರದಲ್ಲೇ ಕೈಬಿಡುವುದು ತಪ್ಪಬಹುದು.

ವಿರೋಧ

ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ಚಿಕಿತ್ಸಾ ಅಂತರವು, ಅಂದರೆ ಚಿಕಿತ್ಸೆ ಬೇಕಿದ್ದೂ ದೊರೆಯದವರ ಪ್ರಮಾಣವು, ವಿವಿಧ ಮಾನಸಿಕ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟಿತ್ತು. ಇಂಥ ಕೊರತೆಯ ನಡುವೆ ದೊರೆಯುವ ಒಬ್ಬ ಸಿಬ್ಬಂದಿಗೆ ಫೋನಿನ ಸೆಟ್ಟಿಂಗ್ ತಿದ್ದುವ ಕೆಲಸ ಕೊಡುವ ಬದಲು ಆಪ್ತಸಮಾಲೋಚನೆಯ ತರಬೇತಿಯನ್ನೇ ಏಕೆ ಕೊಡಬಾರದು? 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯಲ್ಲಿ, 14416ಕ್ಕೆ ಕರೆ ಮಾಡಿದರೆ, ಕನ್ನಡದಲ್ಲಿಯೇ ಮನುಷ್ಯರೊಬ್ಬರು ಮಾತಿಗೆ ಸಿಗುತ್ತಾರೆ; ಹೊಸ ಹಣ ಮೊದಲು ಅಲ್ಲಿಗೆ ಸಲ್ಲಬೇಕು. ಆ್ಯಪ್‌ಗಳನ್ನು ಜಾಲಿಸುವುದಕ್ಕಂತೂ ಪ್ರತಿ ಜಿಲ್ಲೆಗೊಬ್ಬರು ಬೇಕಿಲ್ಲ: ಜರ್ಮನಿಯಲ್ಲಿ 2019ರ ಕಾನೂನಿನಂತೆ ಸರ್ಕಾರಿ ಸಂಸ್ಥೆಯೊಂದು ಪರಿಶೀಲಿಸಿದ ಆ್ಯಪ್‌ಗಳ ಪಟ್ಟಿಯಿದ್ದು, ಅದರಲ್ಲಿರುವುದನ್ನು ವೈದ್ಯರು ಬರೆದುಕೊಟ್ಟರೆ ಸಾರ್ವಜನಿಕ ಆರೋಗ್ಯ ವಿಮೆಯೇ ವೆಚ್ಚ ಭರಿಸುತ್ತದೆ.

ಇದಕ್ಕಿಂತ ಗಂಭೀರವಾದುದು ನಂಬಿಕೆಯ ಪ್ರಶ್ನೆ. ಆಸ್ಪತ್ರೆಯ ಸಿಬ್ಬಂದಿ ತೋರಿಸಿದ ಆ್ಯಪನ್ನು ರೋಗಿಯು ಆಸ್ಪತ್ರೆಯೇ ಕೊಟ್ಟ ಔಷಧದಂತೆ ಸ್ವೀಕರಿಸುತ್ತಾನೆ. ಆದರೆ ಅದರ ಒಳಗಿನ ವ್ಯವಹಾರ ಆ ಸಿಬ್ಬಂದಿಗೂ ಕಾಣದು. ಆನ್‌ಲೈನ್ ಆಪ್ತಸಮಾಲೋಚನೆ ನೀಡುವ ಬೆಟರ್‌ಹೆಲ್ಪ್ ಕಂಪನಿಯು ಗೋಪ್ಯತೆಯ ಭರವಸೆ ಕೊಟ್ಟೂ ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದವುಗಳೊಂದಿಗೆ ಹಂಚಿಕೊಂಡಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿದ್ದು, 2023ರಲ್ಲಿ ಆ ಪ್ರಕರಣ 78 ಲಕ್ಷ ಡಾಲರ್ ಪಾವತಿಯ ಒಪ್ಪಂದದಲ್ಲಿ ಮುಗಿಯಿತು. ಆ್ಯಪ್ ಪ್ರಾಮಾಣಿಕವಾಗಿದ್ದರೂ ಉಳಿಯುವ ಖಾತರಿಯಿಲ್ಲ: ಸಂಭಾಷಣೆಯ ಮೂಲಕ ನೆರವಾಗುತ್ತಿದ್ದ, ಹೆಸರುವಾಸಿಯಾದ ವೋಬಾಟ್ 2025ರ ಜೂನ್ ಕೊನೆಗೆ ಮುಚ್ಚಿತು. ರೂಢಿ ಮಾಡಿಸಿದ ಸಾಧನ ಹೀಗೆ ಇಲ್ಲವಾದಾಗ ರೋಗಿಗೆ ಉತ್ತರ ಹೇಳಬೇಕಾದವರು ಯಾರೆಂಬುದನ್ನು ಪರಪಕ್ಷ ಇನ್ನೂ ಸ್ಪಷ್ಟಪಡಿಸಬೇಕಾಗಿದೆ, ಮತ್ತು ಅದು ಸಣ್ಣ ಲೋಪವಲ್ಲ.

ಬಳಕೆ ನಿಂತಿತೆಂದರೆ ಸೋಲು ಎಂಬ ಎಣಿಕೆಯನ್ನೂ ಪ್ರಶ್ನಿಸಬೇಕು. ಹತ್ತು ದಿನ ಉಸಿರಾಟದ ಅಭ್ಯಾಸ ಮಾಡಿ ನಿದ್ದೆ ಸರಿಹೋದವರು ಆ್ಯಪನ್ನು ಬಿಟ್ಟರೆ ಅದು ಗುಣ. ಆತ್ಮಹತ್ಯೆಯ ಯೋಚನೆ ಕಾಡುತ್ತಿರುವವರು ಆ್ಯಪನ್ನಷ್ಟೇ ನೆಚ್ಚಿ ದಿನವೂ ತೆರೆಯುತ್ತಿದ್ದರೆ ಅದು ಅಪಾಯ. ಬಳಕೆಯ ದಿನಗಳನ್ನು ಲೆಕ್ಕವಿಡುವ ಹುದ್ದೆಯು ಇವೆರಡರ ವ್ಯತ್ಯಾಸವನ್ನು ಗುರುತಿಸದು. ಆದ್ದರಿಂದ ಹುದ್ದೆ ಬಂದೇ ಬರುವುದಾದರೆ, ಯಾವ ಲಕ್ಷಣ ಕಂಡಾಗ ಫೋನನ್ನು ಬದಿಗಿರಿಸಿ ರೋಗಿಯನ್ನು ಅಂದೇ ವೈದ್ಯರ ಬಳಿಗೆ ಕರೆದೊಯ್ಯಬೇಕೆಂಬುದು ಅದರ ತರಬೇತಿಯ ಮೊದಲ ಪಾಠವಾಗಿರಬೇಕೆಂದು ವಿರೋಧಪಕ್ಷ ಪಟ್ಟು ಹಿಡಿಯುತ್ತದೆ.