2004ಕ್ಕೇ ನಿಲ್ಲುವ ದಾಖಲೆ

ಭೂದಾಖಲೆಯ ಡೇಟಾಬೇಸ್ ಬದಲಿಸುವ ಮಾತು ಬಂದಾಗಲೆಲ್ಲ ಚರ್ಚೆ ಸರ್ವರ್ ವೇಗದ ಸುತ್ತಲೇ ಗಿರಕಿ ಹೊಡೆಯುತ್ತದೆ. ಕರ್ನಾಟಕದ ಆಸ್ತಿ ನೋಂದಣಿ ತಂತ್ರಾಂಶ ಕಾವೇರಿ 2.0 ಬಂದಾಗಲೂ ಅಷ್ಟೇ: ನಿಮಿಷಗಳಲ್ಲಿ ನೋಂದಣಿ ಎಂದು ಕೆಲವರು ಹೊಗಳಿದರು, ಸರ್ವರ್ ಡೌನ್ ಎಂದು ಉಳಿದವರು ಬೈದರು. ಒಳಗಿರುವ ದಾಖಲೆಯನ್ನು ಸರಿಪಡಿಸದೆ ಹೊಸ ಆವೃತ್ತಿಗೆ ಹಣ ಸುರಿಯುವುದು ತಪ್ಪು. ಹೀಗೆನ್ನಲು ಕಾರಣ, ಯಾರೂ ಮುಟ್ಟದ ಒಂದು ಇಸವಿ.

ಕಾವೇರಿಯ ಮೊದಲ ಆವೃತ್ತಿ ಸಿ-ಡ್ಯಾಕ್‌ನದು. 2023ರಲ್ಲಿ ಜಾರಿಗೆ ಬಂದ ಎರಡನೆಯದು ಸೆಂಟರ್ ಫಾರ್ ಸ್ಮಾರ್ಟ್ ಗವರ್ನೆನ್ಸ್‌ನದು. ಪರದೆ ಬದಲಾಯಿತು, ಮನೆಯಿಂದಲೇ ಅರ್ಜಿ ಹಾಕುವಂತಾಯಿತು. ಆದರೆ ಇಸಿ (ಋಣಭಾರ ಪ್ರಮಾಣಪತ್ರ) ಕೇಳಿ ನೋಡಿ. ಕಂಪ್ಯೂಟರ್‌ನ ನೆನಪು ಶುರುವಾಗುವುದೇ 2004ರ ಏಪ್ರಿಲ್ 1ರಿಂದ. ವಕೀಲರು ಮೂವತ್ತು ವರ್ಷದ ಇಸಿ ತನ್ನಿ ಎನ್ನುತ್ತಾರೆ. 2025ರಲ್ಲಿ ಸೈಟು ಕೊಂಡವರಿಗೆ 1995ರಿಂದ ಬೇಕು; ಅದರಲ್ಲಿ ಒಂಬತ್ತು ವರ್ಷದ ವ್ಯವಹಾರಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೆಯ ಇಂಡೆಕ್ಸ್ ಪುಸ್ತಕವನ್ನೇ ತೆರೆಯಬೇಕು. ಅಡಮಾನವೋ ವಿಭಾಗಪತ್ರವೋ ಆ ಪುಟಗಳಲ್ಲೇ ಉಳಿದಿದ್ದರೆ ಹೊಸ ಸಾಫ್ಟ್‌ವೇರ್ ಅದನ್ನು ಹೇಗೆ ತೋರಿಸೀತು? ಸ್ಕ್ಯಾನ್ ಮಾಡಿದ್ದೇವೆ ಎಂಬ ಸಮಾಧಾನವೂ ಸಾಲದು. ಸ್ಕ್ಯಾನ್ ಆದ ಪುಟ ಬರೀ ಚಿತ್ರ. ಸರ್ವೆ ನಂಬರ್ ಹೊಡೆದರೆ ಸಿಗಬೇಕಾದರೆ ಯಾರಾದರೂ ಕೂತು ಸಾಲು ಸಾಲಾಗಿ ಎಂಟ್ರಿ ಮಾಡಲೇಬೇಕು.

ಗಡಿಯಾಚೆಯ ಗೋವಾದಲ್ಲಿ ಒಳಗಿನ ದಾಖಲೆ ಸರಿಯಿಲ್ಲದ್ದರ ಪೆಟ್ಟು ಇನ್ನೂ ಜೋರು. ಅಲ್ಲಿ ನಮ್ಮ ಪಹಣಿಯ ಜಾಗದಲ್ಲಿರುವುದು ಫಾರ್ಮ್ 1 ಮತ್ತು 14. ಅನುಭೋಗದಾರನ ಹೆಸರು, ಅದರ ಪಕ್ಕ ಮ್ಯುಟೇಶನ್ ಸಂಖ್ಯೆ, ಕೆಳಗೆ ಗೇಣಿದಾರ, ಇತರ ಹಕ್ಕು. ಈ ಹೆಸರಿನ ಕಾಲಂ ಬದಲಾದರೆ ಜಮೀನೇ ಕೈ ಬದಲಾದಂತೆ. ಭೂಕಬಳಿಕೆದಾರರು ಮಾಡಿದ್ದೂ ಅದನ್ನೇ. ಹಳೆಯ ಕಾಲದ ಕ್ರಯಪತ್ರಗಳನ್ನು ನಕಲಿಯಾಗಿ ಸೃಷ್ಟಿಸಿ, ಅವುಗಳ ಬಲದಿಂದ ಮ್ಯುಟೇಶನ್ ಮಾಡಿಸಿಕೊಂಡರು. 2022ರಲ್ಲಿ ಎಸ್‌ಐಟಿ ರಚಿಸಬೇಕಾಯಿತು, ನಿವೃತ್ತ ನ್ಯಾಯಮೂರ್ತಿ ವಿ.ಕೆ. ಜಾಧವ್ ಆಯೋಗವೂ ಬಂತು. ಡೇಟಾಬೇಸ್ ಕೆಟ್ಟಿರಲಿಲ್ಲ. ಕೊಟ್ಟ ಸುಳ್ಳನ್ನು ಅದು ನಿಷ್ಠೆಯಿಂದ ಕಾಪಾಡಿತ್ತು. ಹೊಸದಕ್ಕೆ ವರ್ಗಾಯಿಸಿದರೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ.

ಗೋವಾದ ಸಾಂಗೆ ತಾಲ್ಲೂಕಿನಲ್ಲಿ ಇದರ ಇನ್ನೊಂದು ಮುಖವಿದೆ. ಸಾಳಾವಳಿ ಅಣೆಕಟ್ಟಿಗೆ ಕುರ್ಡಿ ಗ್ರಾಮ ಮುಳುಗಿತು, ಜನರನ್ನು ವಾಡೆ ಮತ್ತು ವಾಲ್ಕಿಣಿಗೆ ಸಾಗಿಸಲಾಯಿತು. ದಕ್ಷಿಣ ಗೋವಾದ ನಲ್ಲಿಗಳಿಗೆ ನೀರು ಹೋಯಿತು. ಊರು ಬಿಟ್ಟವರು ಕೊಟ್ಟ ಜಾಗದ ಒಡೆತನದ ಕಾಗದಕ್ಕಾಗಿ ದಶಕಗಳ ಕಾಲ ಅಲೆದರು. ಸರಕಾರವೇ ತಂದು ಕೂರಿಸಿದ ಮನೆಯವನ ಹೆಸರು ದಾಖಲೆಯಲ್ಲಿ ಇಲ್ಲದಿದ್ದರೆ, ವರ್ಗಾವಣೆಯಲ್ಲಿ ಕಳೆದುಹೋಗಲಿಕ್ಕೂ ಅವನ ಬಳಿ ಏನೂ ಇರುವುದಿಲ್ಲ.

ವರ್ಗಾವಣೆ ಸರಿಯಾಯಿತೇ ಎಂದು ತಾಂತ್ರಿಕ ತಂಡ ಮೊದಲು ನೋಡುವುದು ಲೆಕ್ಕವನ್ನು: ಹಳೆಯದರಲ್ಲಿ ಇದ್ದಷ್ಟು ಸಾಲು ಹೊಸದರಲ್ಲೂ ಇದೆಯೇ? ಬಿಟ್ಟುಹೋದ ಹೆಸರು, ನಕಲಿ ಹೆಸರು ಆ ಲೆಕ್ಕಕ್ಕೆ ಸಿಗುವುದೇ ಇಲ್ಲ. ಆದ್ದರಿಂದ ಗುತ್ತಿಗೆಗೆ ಸಹಿ ಹಾಕುವ ಮೊದಲು ಪ್ರತಿ ಗ್ರಾಮದ ದಾಖಲೆಯನ್ನು ಪಂಚಾಯಿತಿ ಕಟ್ಟೆಯಲ್ಲಿ ಓದಿಸಿ, ತಕರಾರು ಬರೆಸಿಕೊಳ್ಳಿ, ತೀರ್ಮಾನವಾಗದ ಪ್ರಕರಣಗಳ ಪಟ್ಟಿ ಪ್ರಕಟಿಸಿ. ಹೊಸದರ ಜೊತೆ ಹಳೆಯದೂ ಕೆಲವು ತಿಂಗಳು ನಡೆಯಲಿ. ಬಿಲ್ಲಿನ ಕೊನೆಯ ಕಂತು ಆ ಪಟ್ಟಿ ಕರಗಿದ ಮೇಲಷ್ಟೇ ಪಾವತಿಯಾಗಲಿ.